ಮುತ್ತು ಒಡೆದದ್ದು ಯಾರ ಕೈಯಲ್ಲಿ?

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೆಲವು ತಿಂಗಳಿಂದ ಈ ಗಾದೆ ನನ್ನನ್ನು ಕಾಡುತ್ತಿದೆ.

ನಮ್ಮ ಸಭೆಯ ತಾಯಿಯೊಬ್ಬರು ಮಗನ ಕುಡಿತದ ಸಂಕಟವನ್ನು ಸಭಾಪಾಲಕರ ಬಳಿ ಹೇಳಿಕೊಂಡು ಅತ್ತಿದ್ದರು. ಮುಂದಿನ ಭಾನುವಾರ ಆರಾಧನೆಯಲ್ಲಿ ಅಯ್ಯನವರು 'ಕುಡಿತಕ್ಕೆ ಸಿಕ್ಕಿರುವ ಒಬ್ಬ ತರುಣನಿಗಾಗಿ, ಅವನ ತಾಯಿಗಾಗಿ' ಪ್ರಾರ್ಥಿಸಿದರು. ಹೆಸರು ಹೇಳಲಿಲ್ಲ. ಎಲ್ಲರಿಗೂ ಎಲ್ಲರ ಮನೆ ಗೊತ್ತಿರುವ ಸಭೆಯಲ್ಲಿ ಹೆಸರು ಬೇಕೇ? ನನ್ನ ಮುಂದಿನ ಬೆಂಚಿನಲ್ಲಿ ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದರು. ಆಶೀರ್ವಾದಕ್ಕೂ ನಿಲ್ಲದೆ ಎದ್ದು ಹೋದರು. (ಆಕೆಯನ್ನು ಕೇಳಿ, ಗುರುತು ಸಿಗದಂತೆ ಮಾಡಿಯೇ ಇದನ್ನು ಬರೆಯುತ್ತಿದ್ದೇನೆ.)

ಶಾಲೆಯ ಗಾದೆ ವಿಸ್ತರಣೆಯಲ್ಲಿ ನಾವೆಲ್ಲ ಬರೆದದ್ದು 'ಯೋಚಿಸಿ ಮಾತಾಡಬೇಕು' ಎಂದು. ಆ ಅರ್ಥ ಇಲ್ಲಿ ಸಲ್ಲದು. ನೊಂದವರೇ ಬಾಯಿ ಕಟ್ಟಿಕೊಳ್ಳಬೇಕಾದರೆ ಸಭಾಪಾಲಕರು ಇರುವುದಾದರೂ ಯಾಕೆ? ಮಾತಿನ ಬೆಲೆ ಮುತ್ತಿನಷ್ಟು ಎಂಬುದು ಬರೀ ಹೊಗಳಿಕೆ. ನನ್ನ ಮಟ್ಟಿಗೆ ಗಾದೆ ಕೇಳಿಸಿಕೊಂಡವರಿಗೆ ಹೇಳಿದ್ದು. ಆಕೆ ಮುತ್ತನ್ನು ಇಡಿಯಾಗಿಯೇ ಕೊಟ್ಟಿದ್ದರು. ಒಡೆದದ್ದು ಇಸಿದುಕೊಂಡವರ ಕೈಯಲ್ಲಿ.

ಕ್ಯಾಥೊಲಿಕರು ಇದನ್ನು ಎಂದೋ ಅರಿತಿದ್ದರು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಹೊರಹಾಕಿದ ಗುರುವನ್ನು ಪದವಿಯಿಂದ ಇಳಿಸಿ, ಜೀವಮಾನವಿಡೀ ಮಠದಲ್ಲಿ ಪ್ರಾಯಶ್ಚಿತ್ತಕ್ಕೆ ಇಡಬೇಕೆಂದು 1215ರ ನಾಲ್ಕನೆಯ ಲ್ಯಾಟೆರನ್ ಮಹಾಸಭೆ ವಿಧಿಸಿತು. ನಮ್ಮ ದೇಶದ ಕಾನೂನಿನ ಆಸರೆ ಇಲ್ಲಿ ಸಿಗದು. 1872ರ ಸಾಕ್ಷ್ಯ ಅಧಿನಿಯಮ ಗಂಡ ಹೆಂಡಿರ ಮಾತಿಗೂ ವಕೀಲರಿಗೆ ಹೇಳಿದ ಮಾತಿಗೂ ರಕ್ಷಣೆ ಕೊಟ್ಟಿತು, ಧರ್ಮಗುರುವಿಗೆ ಹೇಳಿದ್ದಕ್ಕೆ ಕೊಡಲಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಹೊಸ ಸಾಕ್ಷ್ಯ ಕಾನೂನಿನಲ್ಲೂ ಅದಿಲ್ಲ. ಹಾಗಾಗಿ ಆ ತಾಯಿಗೆ ಇದ್ದ ಕಾವಲು ಅಯ್ಯನವರ ನಾಲಿಗೆಯೊಂದೇ.

ಮುಚ್ಚಿಡಬಾರದ ಸಂಗತಿಗಳೂ ಇವೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಅದು ಪೊಲೀಸರಿಗೆ ಹೇಳುವ ಮಾತು, ಪ್ರಾರ್ಥನೆಯ ನೆಪದಲ್ಲಿ ಊರಿಗೆ ಹೇಳುವುದಲ್ಲ.

'ಇದನ್ನು ಸಭೆಯ ಮುಂದೆ ಇಡಲೇನಮ್ಮ?' ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಆಕೆ ಈಗಲೂ ಆರಾಧನೆಗೆ ಬರುತ್ತಾರೆ. ಪ್ರಾರ್ಥನೆಗೆ ಏನಾದರೂ ಇದೆಯೇ ಎಂದು ಯಾರಾದರೂ ಕೇಳಿದರೆ, ಏನೂ ಇಲ್ಲ ಎನ್ನುತ್ತಾರೆ.