ಸೀಮೆಯ ಇಬ್ಬರು ಕುಮಾರರು

ಶ್ರಾವಣದ ಪುರಾಣದ ಈ ಮಾತು ಮಕ್ಕಳ ಬಗ್ಗೆಯಾದರೂ ಇವತ್ತು ಕಿವಿಗೊಡಬೇಕಾದವರು ಅಪ್ಪಂದಿರು. ನಾನೂ ಇಬ್ಬರು ಮಕ್ಕಳ ಅಪ್ಪ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ನಮ್ಮ ಸೀಮೆಯಲ್ಲಿ ಇಬ್ಬರು ಕುಮಾರರಿದ್ದಾರೆ. ಒಬ್ಬ ಸಂಡೂರು ಗುಡ್ಡದ ಕುಮಾರಸ್ವಾಮಿ, ಇನ್ನೊಬ್ಬ ಕಂಪಿಲಿಯ ದೊರೆ ಕಂಪಿಲರಾಯನ ಮಗ ಕುಮಾರರಾಮ. ಇಬ್ಬರಿಗೂ ನೋವಾದದ್ದು ಅಪ್ಪನ ಮನೆಯಲ್ಲೇ.

ಲೋಕ ಸುತ್ತಿ ಮೊದಲು ಬಂದವನಿಗೆ ಹಣ್ಣು ಎಂದು ಶಿವ ಮಕ್ಕಳಿಗೆ ಪಂದ್ಯ ಕಟ್ಟಿದ ಕಥೆ ಎಲ್ಲರಿಗೂ ಗೊತ್ತು. ಗಣಪ ಅಪ್ಪ-ಅವ್ವನಿಗೆ ಪ್ರದಕ್ಷಿಣೆ ಹಾಕಿ ಗೆದ್ದ. ಅವನ ಜಾಣತನವನ್ನು ಇವತ್ತಿಗೂ ಕೊಂಡಾಡುತ್ತೇವೆ. ಮಾತಿಗೆ ಕಟ್ಟುಬಿದ್ದು ನಿಜವಾಗಿ ಲೋಕ ಸುತ್ತಿ, ಬೆವರಿಳಿಸಿಕೊಂಡು ಬಂದ ಹುಡುಗ ಕುಮಾರಸ್ವಾಮಿಗೆ ಏನನ್ನಿಸಿತು ಎಂದು ಕೇಳುವವರು ಕಡಿಮೆ. ಅವನು ಮುನಿಸಿಕೊಂಡು ಕೈಲಾಸ ಬಿಟ್ಟ ಎನ್ನುತ್ತದೆ ಕಥೆ. ಸಂಡೂರಿನ ಗುಡಿಯಲ್ಲಿ ಕೈಮುಗಿದಾಗಲೆಲ್ಲ ನನ್ನ ಕಣ್ಣಿಗೆ ದೇವಸೇನಾಪತಿಗಿಂತ ಮೊದಲು ಆ ಸಿಟ್ಟಾದ ಮಗನೇ ಕಾಣುತ್ತಾನೆ.

ಅದೇ ಗುಡ್ಡಸಾಲಿನಲ್ಲಿ ಅದಿರು ಗಣಿಗಾರಿಕೆ ಜೋರಾಗಿದ್ದ ಕಾಲ ನೆನಪಿಸಿಕೊಳ್ಳಿ. ಹೊಸಪೇಟೆ ದಾರಿಯುದ್ದಕ್ಕೂ ಲಾರಿ ಸಾಲು, ಎಲೆ ಮೇಲೂ ಕೆಂಪು ಧೂಳು. 'ಅವರ ಮಗ ಲಾರಿ ತಗೊಂಡ, ನೀನಿನ್ನೂ ಪುಸ್ತಕ ಹಿಡಕೊಂಡು ಕೂತಿದ್ದಿ' ಎಂದು ಎಷ್ಟು ಮನೆಗಳಲ್ಲಿ ಬೈಗುಳ ಎದ್ದಿತೋ! 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಸಾಲ ಮಾಡಿ ಕೊಂಡ ಲಾರಿಗಳು ಮನೆ ಮುಂದೆ ನಿಂತವು. ಆಗ 'ಅವನು ನೋಡು, ಓದಿ ನೌಕರಿ ಹಿಡಿದ' ಎಂಬ ಹೊಸ ಬೈಗುಳ ಹುಟ್ಟಿತು. ಪಂದ್ಯದ ನಿಯಮ ಬದಲಾಯಿಸುವ ಅಪ್ಪಂದಿರು ಕೈಲಾಸದಲ್ಲಷ್ಟೇ ಇಲ್ಲ.

ಹಾಗೆಂದು ಅಪ್ಪನಾಗುವುದು ಬರೀ ತಾಪತ್ರಯವೆ? ಹಂಪಿಯ ತೇರಿಗೆ ಮಗುವನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದವರಿಗೆ ಗೊತ್ತು. ಚೈತ್ರದ ಬಿಸಿಲು, ಕಾಲಿಡಲು ಜಾಗವಿಲ್ಲದ ರಥಬೀದಿ. ತೇರು ಎಳೆಯುವ ಹೊತ್ತಿಗೆ ಮಗು ನಿದ್ದೆಹೋಗಿರುತ್ತದೆ. ಅದರ ಜೊಲ್ಲಿಗೆ ಅಂಗಿಯ ಕಾಲರ್ ನೆನೆಯುತ್ತದೆ, ತೋಳು ಜೋಮು ಹಿಡಿಯುತ್ತದೆ. ಆದರೂ ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಳ್ಳಲು ಮನಸ್ಸು ಬಾರದು, ಎಚ್ಚರಾದೀತಲ್ಲ! ಅದೇ ಮಗು ಹೈಸ್ಕೂಲಿಗೆ ಬಂದಾಗ 'ಊಟ ಆಯ್ತೇನಪ್ಪಾ' ಎಂದರೆ ತಲೆ ಎತ್ತದೆ 'ಹ್ಞೂಂ' ಅನ್ನುತ್ತದೆ. ಆಗ ಸಿಟ್ಟು ಬರುತ್ತದೆ, ಬರಲಿ. ಆದರೆ ಸಿಟ್ಟಿನಲ್ಲಿ ತೀರ್ಪು ಕೊಡಬಾರದು. ಕಂಪಿಲರಾಯ ಕೊಟ್ಟ.

ಕುಮಾರರಾಮನ ಕಥೆಯನ್ನು ನಂಜುಂಡ ಕವಿ 'ರಾಮನಾಥ ಚರಿತೆ'ಯಲ್ಲಿ ಬರೆದಿದ್ದಾನೆ. ನಮ್ಮ ಹಿರಿಯರಿಗೆ ಅದು ಬಾಯಿಪಾಠದ ಕಥೆ. ಆಟದ ಚೆಂಡು ಚಿಕ್ಕವ್ವ ರತ್ನಾಜಿಯ ಅರಮನೆಗೆ ಬಿತ್ತು. ತರಲು ಹೋದ ರಾಮನನ್ನು ಅವಳು ಬಯಸಿದಳು. ಅವನು ಒಲ್ಲೆನೆಂದ. ಅವಳು ಅದನ್ನೇ ತಿರುಗಿಸಿ ಗಂಡನಿಗೆ ದೂರು ಕೊಟ್ಟಳು. ಮಗನ ತಲೆ ತೆಗೆಯಿರಿ ಎಂದು ರಾಯ ಆಜ್ಞೆ ಮಾಡಿದ. ನಾಡೇ ಪರನಾರಿ ಸಹೋದರ ಎಂದು ಕರೆದ ಮಗನನ್ನು ಎದುರಿಗೆ ನಿಲ್ಲಿಸಿ, 'ಏನಾಯ್ತಪ್ಪಾ?' ಎಂದು ಒಂದು ಮಾತು ಕೇಳಬಹುದಿತ್ತಲ್ಲ.

ಮಂತ್ರಿ ಬೈಚಪ್ಪ ಬೇರೊಂದು ತಲೆ ತೋರಿಸಿ ರಾಮನನ್ನು ಬಚ್ಚಿಟ್ಟ. ನನ್ನ ಮಟ್ಟಿಗೆ ಈ ಕಥೆಯ ದೊಡ್ಡ ಮನುಷ್ಯ ಅವನೇ. ಪ್ರತಿ ಮನೆಗೂ ಒಬ್ಬ ಬೈಚಪ್ಪ ಬೇಕು. ನಮ್ಮಲ್ಲಿ ಅದು ಬಹುತೇಕ ಅಜ್ಜಿ. ಅಪ್ಪ ಬಾರುಕೋಲು ಹುಡುಕುವಾಗ ಮೊಮ್ಮಗನನ್ನು ಸೆರಗಿನ ಹಿಂದೆ ಎಳೆದುಕೊಂಡು 'ಮೊದಲು ನೀರು ಕುಡಿ, ಆಮೇಲೆ ಹೊಡೆಯುವಿಯಂತೆ' ಎನ್ನುವವಳು. ಕೆಲವು ಕಡೆ ಸೋದರಮಾವ, ಕೆಲವು ಕಡೆ ಶಾಲೆಯ ಮೇಷ್ಟ್ರು. 'ಹುಡುಗನನ್ನು ಕೆಡಿಸೋರೇ ನೀವು' ಎಂದು ಅವರ ಮೇಲೆ ಹರಿಹಾಯಬೇಡಿ. ಅವರು ಬಚ್ಚಿಟ್ಟು ಕಾಯುತ್ತಿರುವುದು ನಿಮ್ಮ ಮಗನನ್ನೇ.

ದಿಲ್ಲಿಯ ದಂಡು ಬಂದಾಗ ರಾಯ ಮಗನನ್ನು ನೆನೆದು ಅತ್ತ. ಬೈಚಪ್ಪ ರಾಮನನ್ನು ಹೊರಗೆ ತಂದು ನಿಲ್ಲಿಸಿದ. ತಾನೇ ಕೊಲ್ಲಿಸಿದ್ದೇನೆಂದುಕೊಂಡ ಮಗ ಎದುರಿಗೆ ನಿಲ್ಲುವ ಭಾಗ್ಯ ಯಾವ ಅಪ್ಪನಿಗೆ ಸಿಕ್ಕೀತು? ಕಂಪಿಲನಿಗೆ ಅದು ಬಹಳ ದಿನ ಉಳಿಯಲಿಲ್ಲ. 1327ರ ಸುಮಾರಿಗೆ ತುಘಲಕನ ಸೈನ್ಯಕ್ಕೆ ಕಂಪಿಲಿಯೇ ಬಿತ್ತು.

ಪ್ರಸಾದಕ್ಕೆ ಏಳುವ ಮುಂಚೆ ಅಪ್ಪಂದಿರಿಗೆ ಒಂದು ಕೋರಿಕೆ. ಈ ವಾರ ಮಗನ ಮೇಲೋ ಮಗಳ ಮೇಲೋ ಯಾರಾದರೂ ದೂರು ತಂದಿದ್ದರೆ, ಇವತ್ತು ರಾತ್ರಿ ಆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡಿ. ರೊಟ್ಟಿ ಮುರಿದು ಅದರ ತಟ್ಟೆಗೂ ಹಾಕಿ, ಆಮೇಲೆ ಕೇಳಿ. ಅದು 'ಹ್ಞೂಂ' ಅಂದು ಸುಮ್ಮನಾದರೆ ನಾಳೆ ಮತ್ತೆ ಕೇಳಿ.