ಗಾಳಿಗೆ ಎದೆಯೊಡ್ಡಿದವನು

ವಿರಾಜಪೇಟೆಯ ಕಡೆ ಆಟವೆಂದರೆ ಹಾಕಿ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ, ಇಲ್ಲಿಗೆ ದೂರವಲ್ಲದ ಕರಡದಲ್ಲಿ, ಕೊಡವ ಒಕ್ಕಗಳಿಗಾಗಿ ಹಾಕಿ ಹಬ್ಬವನ್ನು ಮೊದಲು ಮಾಡಿದಂದಿನಿಂದ ಒಂದೇ ಮನೆತನದ ಹಿರಿಯರೂ ಕಿರಿಯರೂ ಒಂದು ತಂಡವಾಗಿ ಮೈದಾನಕ್ಕಿಳಿಯುವುದನ್ನು ಈ ಸೀಮೆಯ ಜನ ಕಂಡಿದ್ದಾರೆ. ಗೋಲು ಹೊಡೆದವನಿಗೆ ಚಪ್ಪಾಳೆ ಹೆಚ್ಚು ಬಿದ್ದೀತು; ಕಪ್ಪು ಮಾತ್ರ ಒಕ್ಕಕ್ಕೆ. ಹಿಂದೆ ನಿಂತು ಚೆಂಡು ತಡೆದವನಿಗೂ ಅದರಲ್ಲಿ ಪಾಲುಂಟು. ಒಗ್ಗಟ್ಟಿನ ವಿಷಯವಾಗಿ ಇಲ್ಲಿ ಯಾರಿಗೂ ಪಾಠ ಹೇಳಬೇಕಾಗಿಲ್ಲ.

ಆದ್ದರಿಂದಲೇ, ತಂಡವಾಗಿ ಹೊರಟು ಒಬ್ಬನೇ ಗೆಲ್ಲುವ ಆಟವೊಂದಿದೆಯೆಂದರೆ ನಮ್ಮವರಿಗೆ ವಿಚಿತ್ರವಾಗಿ ಕಾಣುತ್ತದೆ. ಬೈಸಿಕಲ್ಲಿನ ರಸ್ತೆ ಪಂದ್ಯ ಅಂಥದು. ನಮ್ಮ ರಾಜ್ಯದಲ್ಲಿ ಅದರ ತವರು ಕೊಡಗಿನ ಏರಿಳಿತವಲ್ಲ, ವಿಜಯಪುರ ಬಾಗಲಕೋಟೆಗಳ ಬಯಲು. ಅಲ್ಲಿಯ ಕ್ರೀಡಾ ವಸತಿನಿಲಯಗಳಲ್ಲಿ ಬೆಳೆದ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕಗಳನ್ನು ಗೆಲ್ಲುತ್ತ ಬಂದಿದ್ದಾರೆ. ತಂದೆಯ ವರ್ಗಾವಣೆಯಿಂದಾಗಿ ಆ ಕಡೆಯಿಂದ ನಮ್ಮ ಊರಿಗೆ ಬಂದ ಒಬ್ಬ ಹುಡುಗ ನನ್ನ ತರಗತಿಯಲ್ಲಿದ್ದ. ಈ ಆಟದ ಒಳಗುಟ್ಟನ್ನು ನಾನು ತಿಳಿದದ್ದು ಅವನಿಂದ.

ಗುಟ್ಟೆಲ್ಲ ಗಾಳಿಯಲ್ಲಿದೆ. ಸಮತಟ್ಟಾದ ದಾರಿಯಲ್ಲಿ ವೇಗವಾಗಿ ಹೋಗುವ ಸವಾರನ ಶಕ್ತಿಯ ಬಹುಭಾಗ ವ್ಯಯವಾಗುವುದು ಗಾಳಿಯನ್ನು ಸೀಳುವುದರಲ್ಲಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಮುಂದಿನವನ ಚಕ್ರಕ್ಕೆ ಅಂಟಿಕೊಂಡು ಹೋಗುವವನಿಗೆ ಕಾಲುಪಾಲು ಶ್ರಮ, ಒಮ್ಮೊಮ್ಮೆ ಅದಕ್ಕಿಂತಲೂ ಹೆಚ್ಚು, ಉಳಿಯುತ್ತದೆ. ಎಂದರೆ ಮುಂದಿರುವವನು ಹಿಂದಿರುವವರೆಲ್ಲರಿಗಾಗಿ ಖರ್ಚು ಮಾಡುತ್ತಿರುತ್ತಾನೆ. ಹಿಂದಿರುವವನು ಮಿತ್ರನೋ ಶತ್ರುವೋ ಎಂದು ಗಾಳಿ ಕೇಳುವುದಿಲ್ಲ.

ಇದರಿಂದ ಒಂದು ಸೋಜಿಗ ಹುಟ್ಟುತ್ತದೆ. ಗುಂಪನ್ನು ಬಿಟ್ಟು ಮುಂದೆ ಹಾರಿದ ನಾಲ್ಕೈದು ಜನ, ಬೇರೆ ಬೇರೆ ತಂಡದವರಾದರೂ, ಸರದಿಯ ಮೇಲೆ ಒಬ್ಬರಿಗೊಬ್ಬರು ಗಾಳಿ ತಡೆದುಕೊಡಬೇಕು. ಇಲ್ಲವಾದರೆ ಹಿಂದಿನ ಗುಂಪು ಎಲ್ಲರನ್ನೂ ನುಂಗುತ್ತದೆ. ನಮ್ಮ ಗದ್ದೆಗಳ ಮುಯ್ಯಾಳಿನ ಪದ್ಧತಿಯಂತೆ ಇದು: ಇಂದು ನಿನ್ನ ನಾಟಿಗೆ ನಾನು, ನಾಳೆ ನನ್ನ ನಾಟಿಗೆ ನೀನು. ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಇಂಥ ಸರದಿಯಲ್ಲಿ ಒಬ್ಬನು, 'ನನ್ನ ನಾಯಕ ಹಿಂದಿದ್ದಾನೆ, ನಾನು ಎಳೆಯಲಾರೆ' ಎಂದು ಸುಮ್ಮನಿದ್ದರೆ ಅದರಲ್ಲಿ ಅನ್ಯಾಯ ನನಗೆ ಕಾಣದು. ಅವನ ನಿಲುವು ಎಲ್ಲರಿಗೂ ಗೊತ್ತು. ದಣಿದವನಂತೆ ನಟಿಸಿ ಹಿಂದೆ ಉಳಿದು, ಕೊನೆಯ ಇನ್ನೂರು ಗಜದಲ್ಲಿ ಚಿಗರೆಯಂತೆ ನೆಗೆಯುವವನ ವಿಷಯ ಬೇರೆ. ನಿಯಮದ ಪುಸ್ತಕ ಅವನನ್ನು ಏನೂ ಮಾಡದು. ಆದರೂ ಮುಯ್ಯಿಯ ದಿನ ಹೊಟ್ಟೆನೋವೆಂದು ಮಲಗಿ ಊಟದ ಹೊತ್ತಿಗೆ ಎದ್ದು ಕುಳಿತವನನ್ನು ಊರು ಏನೆನ್ನುತ್ತದೆಯೋ, ಜೊತೆಯ ಸವಾರರೂ ಅವನನ್ನು ಅದನ್ನೇ ಅನ್ನುತ್ತಾರೆ.

ನನ್ನ ವಿದ್ಯಾರ್ಥಿಯ ಕಥೆ ಇದಕ್ಕೂ ತೊಡಕಿನದು. ಜೂನಿಯರ್ ವರ್ಗವೆಂದರೆ ಹದಿನೇಳು ಹದಿನೆಂಟರ ಹುಡುಗರು. ಒಂದು ಪಂದ್ಯದಲ್ಲಿ ಅವನ ತಂಡದ ಒಬ್ಬನು ಕೊನೆಯ ಓಟದಲ್ಲಿ ಬಲು ಚುರುಕು. ಅವನನ್ನು ಕೊನೆಯವರೆಗೆ ಗಾಳಿಗೊಡ್ಡದೆ ಕಾಪಾಡುವುದು, ಮುಂದೆ ಓಡಿಹೋದವರನ್ನು ಅಟ್ಟಿ ಹಿಡಿಯುವುದು ಉಳಿದವರ ಕೆಲಸವೆಂದು ತರಬೇತಿಯವರು ಹೇಳಿದ್ದರಂತೆ. ಇವನು ಹಾಗೆಯೇ ಎಳೆದ. ಓಡಿದವರನ್ನು ಹಿಡಿದದ್ದಾಯಿತು, ಅಷ್ಟರಲ್ಲಿ ಇವನ ಕಾಲು ಸೋತಿತ್ತು. ಗೆಳೆಯ ಗೆದ್ದ, ಇವನು ಬಹಳ ಹಿಂದೆ ಮುಟ್ಟಿದ. 'ನಿನಗೆ ಬೇಸರವಾಗಲಿಲ್ಲವೇನಪ್ಪ?' ಎಂದೆ. 'ಬ್ಯಾಸರ ಯಾಕ್ರೀ ಸರ್, ಅಂವ ಗೆದ್ದಾನಲ್ರಿ' ಎಂದ. ಸ್ವಲ್ಪ ತಡೆದು, 'ಆದ್ರ ಸರ್ಟಿಫಿಕೇಟಿನ್ಯಾಗ ನಾ ನಲವತ್ತನೇದಂವ ರೀ' ಎಂದ.

ಈ ಎರಡು ಮಾತೂ ನಿಜ. ಎರಡರಲ್ಲಿ ಒಂದನ್ನು ಮಾತ್ರ ಕೇಳಿಸಿಕೊಳ್ಳುವುದು ನಮ್ಮ ಅಭ್ಯಾಸ. ಮೊದಲನೆಯದನ್ನು ಕೇಳಿದವರು ತ್ಯಾಗದ ಮೇಲೆ ಭಾಷಣ ಮಾಡುತ್ತಾರೆ. ಎರಡನೆಯದನ್ನು ಕೇಳಿದವರು 'ಇಂಥ ಆಟವೇ ಬೇಡ, ಎಲ್ಲರೂ ತಮ್ಮ ತಮ್ಮ ಪಾಡಿಗೆ ಓಡಲಿ' ಎನ್ನುತ್ತಾರೆ.

ಹಾಗೆ ಎಲ್ಲರೂ ತಮ್ಮ ಪಾಡಿಗೆ ಓಡಿದರೆ ಏನಾಗುತ್ತದೆಂಬುದಕ್ಕೆ 2021ರ ಟೋಕಿಯೋ ಒಲಿಂಪಿಕ್ಸಿನ ಮಹಿಳೆಯರ ಪಂದ್ಯವನ್ನು ನೋಡಬಹುದು. ನೆದರ್‌ಲೆಂಡ್ಸಿನ ನಾಲ್ವರೂ ಗೆಲ್ಲಬಲ್ಲವರು. ಆಸ್ಟ್ರಿಯದ ಅನ್ನಾ ಕೀಸೆನ್‌ಹೋಫರ್, ಗಣಿತದ ವಿದ್ವಾಂಸೆ, ಆಗ ಯಾವ ವೃತ್ತಿಪರ ತಂಡದಲ್ಲೂ ಇಲ್ಲದವಳು, ಆರಂಭದಲ್ಲೇ ಕೆಲವರೊಡನೆ ಮುಂದೆ ಹೋಗಿ ಕೊನೆಯ ಸುಮಾರು 40 ಕಿಲೋಮೀಟರು ಒಬ್ಬಳೇ ಓಡಿದಳು. ಕಿವಿಗೆ ಸುದ್ದಿ ಮುಟ್ಟಿಸುವ ರೇಡಿಯೋ ಅಲ್ಲಿ ಯಾರಿಗೂ ಇರಲಿಲ್ಲ. ಆಕೆ ಗೆದ್ದು ಒಂದು ನಿಮಿಷದ ಮೇಲಾದಾಗ ನೆದರ್‌ಲೆಂಡ್ಸಿನ ಆನ್ನೆಮೀಕ್ ಫಾನ್ ಫ್ಲೂಟನ್, ತಾನೇ ಗೆದ್ದೆನೆಂದು ಭಾವಿಸಿ, ಕೈಯೆತ್ತಿ ಗೆರೆ ದಾಟಿದಳು. ರೇಡಿಯೋ ಇಲ್ಲದ್ದು ಒಂದು ಕಾರಣವೆಂಬುದು ಸರಿ. ಆದರೆ ನಾಲ್ವರು ಅರಸರಿದ್ದ ದಂಡಿನಲ್ಲಿ ಆಳು ಯಾರೆಂಬುದು ಗೊತ್ತಾಗಿರಲಿಲ್ಲವೆಂದೂ ನನಗೆ ತೋರುತ್ತದೆ.

ಆಳು ಎಂಬ ಮಾತನ್ನು ಬೇಕೆಂದೇ ಬಳಸಿದೆ. 1911ರ ಫ್ರಾನ್ಸ್ ಪ್ರವಾಸ ಪಂದ್ಯದಲ್ಲಿ ಮಾರಿಸ್ ಬ್ರೊಕೊ ಎಂಬವನು ಫ್ರಾನ್ಸ್ವಾ ಫಾಬೆರ್‌ಗೆ ನೆರವಾದಾಗ, ಪಂದ್ಯದ ಸಂಸ್ಥಾಪಕ ಹೆನ್ರಿ ದೆಗ್ರಾಂಜ್ ಅವನನ್ನು ಮನೆಯಾಳೆಂದು ಜರೆದ. ಆ ಬೈಗುಳವೇ ಮುಂದೆ ಒಂದು ಹುದ್ದೆಯ ಹೆಸರಾಯಿತು. 1934ರಲ್ಲಿ ಇಪ್ಪತ್ತರ ತರುಣ ರೆನೆ ವಿಯೆತೊ ತನ್ನ ಚಕ್ರವನ್ನು ನಾಯಕ ಆಂತೊನಿನ್ ಮಾನ್ಯನಿಗೆ ಬಿಚ್ಚಿಕೊಟ್ಟು, ರಸ್ತೆಯ ಪಕ್ಕದ ಗೋಡೆಯ ಮೇಲೆ ಕುಳಿತು ಕಣ್ಣೀರಿಟ್ಟ. ಮಾನ್ಯ ಗೆದ್ದ, ಜನ ನೆನಪಿಟ್ಟದ್ದು ವಿಯೆತೊವಿನ ಚಿತ್ರವನ್ನು. ಆ ಕಣ್ಣೀರಿಗಾಗಿ ಅವನ ಮೇಲೆ ನನಗೆ ಗೌರವ. ನಗುನಗುತ್ತ ಕೊಟ್ಟಿದ್ದರೆ ಅವನು ಕೊಟ್ಟದ್ದೇನೆಂದು ನಮಗೆ ತಿಳಿಯುತ್ತಿರಲಿಲ್ಲ.

ಭಾರತದ ಕಥೆ ಬಲ್ಲವರಿಗೆ ಇಲ್ಲಿ ಇಬ್ಬರು ಹುಡುಗರು ನೆನಪಾಗಬೇಕು. ಅಭಿಮನ್ಯು ಚಕ್ರವ್ಯೂಹವನ್ನು ಹೊಗುವಾಗ, ಹೊರಬರುವ ದಾರಿ ತನಗೆ ತಿಳಿಯದೆಂದು ಹೇಳಿಯೇ ಹೊಕ್ಕ. ಬೆನ್ನಿಗೆ ಬರುತ್ತೇವೆಂದ ಹಿರಿಯರನ್ನು ಜಯದ್ರಥ ತಡೆದ. ಘಟೋತ್ಕಚನ ಪಾಡು ಬೇರೆ. ಕರ್ಣನಲ್ಲಿದ್ದ, ಒಂದೇ ಸಲ ಬಳಸಬಹುದಾದ ಶಕ್ತ್ಯಾಯುಧ ತನ್ನ ಮೇಲೆ ಖರ್ಚಾಗಲೆಂದೇ ಕೃಷ್ಣ ತನ್ನನ್ನು ಕಳಿಸಿದನೆಂಬುದು ಅವನಿಗೆ ಗೊತ್ತಿರಲಿಲ್ಲ. ಇಬ್ಬರೂ ಸತ್ತರು, ಆದರೆ ಒಬ್ಬನನ್ನು ಕೇಳಿದ್ದರು, ಇನ್ನೊಬ್ಬನನ್ನು ಬಳಸಿದರು. ತಂತ್ರ ಧರ್ಮವೋ ಅಲ್ಲವೋ ಎಂಬುದು ನಿರ್ಣಯವಾಗುವುದು ಈ ಅಂತರದಲ್ಲಿ.

ಹುಡುಗರನ್ನು ಕೇಳುವುದಾದರೂ ಸುಲಭವೆ? ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಹುಡುಗರ 'ಹೂಂ ಸರ್' ಎಂಬುದರ ಬೆಲೆ ಗೊತ್ತು. ಒಲ್ಲೆನೆಂದರೆ ಮುಂದಿನ ಪಂದ್ಯಕ್ಕೆ ತಂಡದಲ್ಲಿ ಹೆಸರಿರುವುದಿಲ್ಲವೆಂದು ಬಲ್ಲವನ ಒಪ್ಪಿಗೆ ಅರ್ಧ ಒಪ್ಪಿಗೆ ಮಾತ್ರ. ಉಳಿದರ್ಧವನ್ನು ದೊಡ್ಡವರು ತುಂಬಿಕೊಡಬೇಕು: ಇಂದು ಎಳೆದವನಿಗಾಗಿ ನಾಳೆ ಗೆದ್ದವನು ಎಳೆಯಬೇಕೆಂಬ ಕಟ್ಟಳೆ ಇರಬೇಕು. ವೃತ್ತಿಪರರಲ್ಲಿ ಗೆದ್ದವನು ಬಹುಮಾನದ ಹಣವನ್ನು ಜೊತೆಗಾರರಿಗೆ ಹಂಚುವ ಸಂಪ್ರದಾಯವುಂಟು. ಹುಡುಗರ ಪದಕವನ್ನು ಕತ್ತರಿಸಿ ಹಂಚಲಾಗದು, ಅವರಿಗಿರುವುದು ಮುಯ್ಯಿಯೊಂದೇ. ಜೂನಿಯರ್ ವರ್ಗವೋ ಎರಡೇ ವರ್ಷದ್ದು. ಹದಿನೆಂಟು ತುಂಬಿ ಆ ವರ್ಷ ಕಳೆದರೆ, ಸಲ್ಲಬೇಕಾದ ಸಾಲ ಸಲ್ಲದೆಯೇ ಗದ್ದೆ ಕೈಬಿಡುತ್ತದೆ. ಇತ್ತ ಕಾಲೇಜಿನ ಕ್ರೀಡಾ ಮೀಸಲಿನ ಸೀಟಾಗಲಿ, ರೈಲ್ವೆಯ ಕೆಲಸವಾಗಲಿ, ಕೇಳುವುದು ಎಷ್ಟನೆಯ ಸ್ಥಾನವೆಂದು.

ಅವನು ಮುಂದಿನ ಓದಿಗೆ ಅರ್ಜಿ ತುಂಬುವಾಗ ನನ್ನಲ್ಲಿಗೆ ಬಂದ. ಗೆದ್ದ ಗೆಳೆಯನೇ ಒಂದು ಕಾಗದ ಬರೆದುಕೊಟ್ಟಿದ್ದ: ತನ್ನ ಪದಕ ಇವನ ಕಾಲಿನದೆಂದು. ಅದನ್ನು ಲಗತ್ತಿಸಬಹುದೇ ಎಂದು ನಾನೇ ಆ ಕಚೇರಿಗೆ ಫೋನು ಮಾಡಿ ಕೇಳಿದೆ. ಮಾತಾಡಿದವರು ಸಜ್ಜನರು, ಪೂರ್ತಿ ಕೇಳಿಸಿಕೊಂಡರು. 'ಅದಕ್ಕೆ ಕಾಲಮ್ಮಿಲ್ಲ ಸರ್' ಎಂದರು. ಆ ಕಾಗದವನ್ನು ಅವನು ಮಡಿಸಿ, ಪದಕವಿಡುವ ಪೆಟ್ಟಿಗೆಯಿಲ್ಲದ್ದರಿಂದ, ತನ್ನ ಕನ್ನಡ ಪಠ್ಯಪುಸ್ತಕದಲ್ಲಿಟ್ಟುಕೊಂಡ.