ಅನಿಯತ ಆದಾಯವೂ ಗೃಹಸ್ಥನ ಪರಿಮಾಣವ್ರತವೂ

ಶ್ರಾವಕನಿಗೆ ವಿಹಿತವಾದ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹಪರಿಮಾಣ. ಹೊಲಮನೆ, ಬೆಳ್ಳಿಬಂಗಾರ, ಧನಧಾನ್ಯ ಮೊದಲಾದವುಗಳಿಗೆ ತಾನಾಗಿಯೇ ಒಂದು ಎಲ್ಲೆಯನ್ನು ಕಟ್ಟಿಕೊಂಡು, ಅದರಾಚೆಯದನ್ನು ಬಯಸದಿರುವುದೇ ಇದರ ಸ್ವರೂಪ. ಇದಕ್ಕೆ ಬೆಂಬಲವಾಗಿ ಭೋಗೋಪಭೋಗಪರಿಮಾಣವೆಂಬ ವ್ರತವಿದೆ. ಅನ್ನದಂತೆ ಒಮ್ಮೆ ಬಳಸಿದರೆ ಮುಗಿಯುವುದು ಭೋಗ. ಬಟ್ಟೆಯಂತೆ ಮತ್ತೆ ಮತ್ತೆ ಬಳಕೆಗೆ ಬರುವುದು ಉಪಭೋಗ. ಇವೆಲ್ಲ ನಾವು ಬಾಲ್ಯದಿಂದ ಕೇಳುತ್ತ ಬಂದ ಮಾತುಗಳು. ಆದರೆ ಅನೇಕ ಶ್ರಾವಕ ಕುಟುಂಬಗಳ ಮುಂದೆ ಇಂದು ಒಂದು ಪ್ರಶ್ನೆ ನಿಂತಿದೆ: ಬರುವ ಹಣದ ದಿನವೂ ಮೊತ್ತವೂ ಗೊತ್ತಿಲ್ಲದಿರುವಾಗ ಪರಿಮಾಣವನ್ನು ಯಾವುದರ ಮೇಲೆ ಕಟ್ಟಬೇಕು?

ತಿಂಗಳು ಮುಗಿದೊಡನೆ ಸಂಬಳ ಕೈಸೇರುವ ವೃತ್ತಿಯಲ್ಲಿದ್ದ ನನ್ನಂತಹ ಉಪಾಧ್ಯಾಯನಿಗೆ ಈ ಪ್ರಶ್ನೆ ಅಷ್ಟಾಗಿ ಎದುರಾಗಲಿಲ್ಲ. ಆದರೆ ಚಿಕ್ಕೋಡಿ, ಅಥಣಿ, ರಾಯಬಾಗ ಸೀಮೆಯ ನಮ್ಮ ಒಕ್ಕಲು ಬಂಧುಗಳನ್ನು ನೋಡಿರಿ. ಕಬ್ಬು ಹೊಲದಲ್ಲಿ ಹೆಚ್ಚುಕಡಮೆ ವರ್ಷವಿಡೀ ನಿಲ್ಲುತ್ತದೆ; ಕಾರ್ಖಾನೆ ಅದನ್ನು ಅರೆಯುವುದು ಮಳೆಗಾಲ ಕಳೆದ ಮೇಲಿನ ಕೆಲವೇ ತಿಂಗಳು. ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಸಲ್ಲಬೇಕೆಂದೂ, ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಸೇರಬೇಕೆಂದೂ 1966ರ ಕಬ್ಬು ನಿಯಂತ್ರಣ ಆದೇಶ ವಿಧಿಸಿತು. ಹಾಗಿದ್ದೂ ಬಾಕಿಗಾಗಿ ಕಾಯ್ದ ರೈತರ ಕಥೆ ಎಲ್ಲರೂ ಬಲ್ಲದ್ದೇ. ಕಮಿಷನ್ನಿನ ಮೇಲೆ ದುಡಿಯುವ ವಿಮಾ ಏಜೆಂಟರು, ಪಾಠ ಮಾಡಿದ ತಿಂಗಳುಗಳಿಗಷ್ಟೇ ಗೌರವಧನ ಪಡೆಯುವ ಅತಿಥಿ ಉಪನ್ಯಾಸಕರು, ಸಂತೆಯ ವ್ಯಾಪಾರವನ್ನೇ ನಂಬಿದವರು—ಇವರೆಲ್ಲರ ಸ್ಥಿತಿಯೂ ಇಂಥದೇ.

ಇಂತಹ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದೇನು? ಹಣ ಬಂದ ತಿಂಗಳು ಕೈ ಸಡಿಲಾಗುತ್ತದೆ. ಸೀರೆ, ಒಡವೆ, ಹೊಸ ಮೊಬೈಲು, ಕಂತಿನ ಮೇಲೆ ವಾಹನ ಎಲ್ಲವೂ ಆಗಲೇ ಮನೆಗೆ ಬರುತ್ತವೆ. ಹಣ ಬಾರದ ತಿಂಗಳು ಕೈ ತಾನಾಗಿ ಬಿಗಿಯಾಗುತ್ತದೆ. ಆಗ ಮನೆಯವರು ತಾವು ಬಹು ಸಂಯಮದಿಂದ ಇದ್ದೇವೆಂದು ಭಾವಿಸುತ್ತಾರೆ. ಇಲ್ಲಿಯೇ ತತ್ತ್ವದ ತೊಡಕು ಇದೆ. ಪರಾಧೀನನಾಗಿ, ಬೇರೆ ದಾರಿಯಿಲ್ಲದೆ ಹಸಿವು ನೀರಡಿಕೆಗಳನ್ನು ಸಹಿಸುವುದನ್ನು ನಮ್ಮ ಆಚಾರ್ಯರು ಅಕಾಮನಿರ್ಜರೆ ಎಂದು ಬೇರೆಯಾಗಿಯೇ ಹೆಸರಿಸಿದ್ದಾರೆ. ಸ್ವೇಚ್ಛೆಯಿಂದ, ಅರಿತು ಕೈಗೊಂಡ ತಪಸ್ಸಿನ ಸ್ಥಾನವನ್ನು ಅದಕ್ಕೆ ಕೊಟ್ಟಿಲ್ಲ. ಡಬ್ಬಿಯಲ್ಲಿ ಅಕ್ಕಿ ಸಾಲದೆ, ಗಂಡನಿಗೂ ಮಕ್ಕಳಿಗೂ ಬಡಿಸಿ, "ನನಗೆ ಇಂದು ಏಕಾಶನ" ಎಂದು ಹೇಳಿ ಎದ್ದುಹೋಗುವ ತಾಯಿಯ ತ್ಯಾಗ ದೊಡ್ಡದು. ಆದರೆ ಅವಳ ಹಸಿವನ್ನು ವ್ರತವೆಂದು ಎಣಿಸಿಕೊಂಡು ನೆಮ್ಮದಿಯಿಂದಿರುವ ಅಧಿಕಾರ ಮನೆಯ ಯಜಮಾನನಿಗಿಲ್ಲ. ಆ ಕೊರತೆ ಹುಟ್ಟಿದ್ದು ಮೂರು ತಿಂಗಳ ಹಿಂದೆ, ಅವನ ಕೈ ತುಂಬಿದ್ದ ದಿನ.

ಆದುದರಿಂದ ನಿಶ್ಚಯವಾಗಿ ಹೇಳಬಹುದಾದ ಮಾತು ಇದು: ಅನಿಯತ ಆದಾಯದ ಗೃಹಸ್ಥನಿಗೆ ವ್ರತದ ದಿನವೆಂದರೆ ಹಣ ಬಂದ ದಿನ. ಆದಾಯವು ಪುಣ್ಯೋದಯಕ್ಕೂ ಮಳೆಬೆಳೆಗೂ ಅನ್ಯರ ಮನಸ್ಸಿಗೂ ಅಧೀನವಾದುದು. ಅದಕ್ಕೆ ನಾವು ನಿಯಮ ಹಾಕಲಾರೆವು. ವ್ಯಯವೊಂದೇ ನಮ್ಮ ಅಧೀನದಲ್ಲಿರುವುದು; ನಿಯಮ ಸಲ್ಲಬೇಕಾದುದು ಅದಕ್ಕೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಜೀವಾವಧಿಯ ತ್ಯಾಗವನ್ನು ಯಮವೆಂದೂ, ಕಾಲಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ ವಿಂಗಡಿಸಿ, ದಿನ, ಪಕ್ಷ, ಮಾಸ, ಋತು, ಅಯನಗಳ ಅವಧಿಗೆ ನಿಯಮ ತಳೆಯಬಹುದೆಂದು ತಿಳಿಸಿದ್ದಾರೆ. ಜೀವಾವಧಿಯ ಪ್ರತಿಜ್ಞೆಗೆ ಅಂಜುವವನೂ ಒಂದು ಅಯನದ ಮಟ್ಟಿಗೆ ಮನೆಯ ಖರ್ಚಿಗೆ ಎಲ್ಲೆ ಕಟ್ಟಿಕೊಳ್ಳಬಹುದಲ್ಲವೆ?

ಆ ಎಲ್ಲೆಯನ್ನು ಗೊತ್ತುಮಾಡುವ ಬಗೆಗೆ ಒಂದು ಲೆಕ್ಕವನ್ನು ಊಹಿಸೋಣ. ಒಂದು ಮನೆಗೆ ವರ್ಷದಲ್ಲಿ ಆರು ತಿಂಗಳು 30,000 ರೂಪಾಯಿಯಂತೆ, ಮೂರು ತಿಂಗಳು 18,000ದಂತೆ, ಮೂರು ತಿಂಗಳು 9,000ದಂತೆ ಬರುತ್ತದೆ. ಒಟ್ಟು 2,61,000, ಸರಾಸರಿ 21,750. ಸರಾಸರಿಯಷ್ಟನ್ನೂ ಖರ್ಚು ಮಾಡುವವನು ಒಂದು ಕಾಯಿಲೆಗೆ, ಒಂದು ಬರಕ್ಕೆ ಸಾಲಗಾರನಾಗುತ್ತಾನೆ. ಅವನು ತಿಂಗಳಿಗೆ 18,000ಕ್ಕೆ ಎಲ್ಲೆ ಕಟ್ಟಲಿ. ಒಳ್ಳೆಯ ಆರು ತಿಂಗಳಲ್ಲಿ 72,000 ಉಳಿಯುತ್ತದೆ. ಕೊರತೆಯ ಮೂರು ತಿಂಗಳಿಗೆ ಅದರಿಂದ 27,000 ತುಂಬಿದರೆ ಇನ್ನೂ 45,000 ಕೈಯಲ್ಲಿರುತ್ತದೆ. ಔಷಧ, ಮಕ್ಕಳ ವಿದ್ಯೆ, ದಾನ, ಪರ್ವಗಳಿಗೆ ಅದೇ ಆಧಾರ. ಕೊರತೆಯ ತಿಂಗಳುಗಳೇ ಮೊದಲು ಬಂದರೆ ಆ ವರ್ಷ ಕಷ್ಟವೇ ಸರಿ. ಆಗ ಎಲ್ಲೆಯನ್ನು ಇನ್ನೂ ತಗ್ಗಿಸಿ ಆರಂಭಿಸಬೇಕಾಗುತ್ತದೆ. ಈ ಎಲ್ಲೆಯನ್ನು ಗಂಡನೊಬ್ಬನೇ ನಿರ್ಧರಿಸದೆ ಹೆಂಡತಿಯೊಡನೆ ಕುಳಿತು ಗೊತ್ತುಮಾಡಲಿ. ಅಡಿಗೆಮನೆಯ ನಿಜವಾದ ಲೆಕ್ಕ ಬಲ್ಲವಳು ಅವಳೇ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಹೀಗೆ ಕೂಡಿಡುವುದೂ ಪರಿಗ್ರಹವಲ್ಲವೆ? ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹವನ್ನು ಮೂರ್ಛೆಯೆಂದು, ಎಂದರೆ ವಸ್ತುವಿನ ಮೇಲಿನ ಮಮತ್ವವೆಂದು ನಿರೂಪಿಸಿದ್ದಾರೆ. ಸಮಂತಭದ್ರರು ಈ ವ್ರತದ ಅತಿಚಾರಗಳಲ್ಲಿ ಎಣಿಸಿರುವುದು ಅತಿಸಂಗ್ರಹವನ್ನು. ಕೊರತೆಯ ತಿಂಗಳಿಗೆಂದು ತೆಗೆದಿಟ್ಟ ಹಣಕ್ಕೆ ಒಂದು ಉದ್ದೇಶವೂ ಒಂದು ಮಿತಿಯೂ ಇದೆ. ಆ ಮಿತಿ ತುಂಬಿದ ಮೇಲೂ "ಇನ್ನಷ್ಟಿರಲಿ" ಎಂದು ಮನಸ್ಸು ಎಳೆದರೆ ಅಲ್ಲಿಂದ ಮೂರ್ಛೆ ಮೊದಲಾಯಿತೆಂದು ತಿಳಿಯಬೇಕು. ಆದುದರಿಂದ ಖರ್ಚಿಗೆ ಎಲ್ಲೆ ಕಟ್ಟಿದಂತೆ ಉಳಿತಾಯಕ್ಕೂ ಎಲ್ಲೆ ಕಟ್ಟಲೇಬೇಕು. ಮೀರಿದ್ದು ದಾನಕ್ಕೆ ಸಲ್ಲಲಿ.

ಇನ್ನು ಹಣ ಸಲ್ಲಿಸುವ ಕ್ರಮ. ನಮಗೆ ಬರುವುದು ತಡವಾದಾಗ ನಾವು ಮೊದಲು ತಡಮಾಡುವುದು ಯಾರಿಗೆ? ಕೇಳಲು ಅಂಜುವವರಿಗೆ: ಹೊಲದ ಆಳಿಗೆ, ಮನೆಗೆಲಸದವಳಿಗೆ. ಬ್ಯಾಂಕಿನ ಕಂತಾದರೆ ತಪ್ಪದೆ ಕಟ್ಟುತ್ತೇವೆ. ಕೂಲಿಯಾದರೆ "ಮುಂದಿನ ವಾರ ಬಾ" ಎನ್ನುತ್ತೇವೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದು. ಅದನ್ನು ದನಕರುಗಳಿಗೆ ಮೇವು ನೀರು ತಪ್ಪಿಸುವುದೆಂದು ಮಾತ್ರ ಅರ್ಥಮಾಡಿದರೆ ಸಾಲದು. ಅಂದಂದಿನ ಕೂಲಿಯಿಂದಲೇ ಒಲೆ ಹಚ್ಚುವವನ ಕೂಲಿಯನ್ನು ತಡೆದರೆ ಅವನ ಮಕ್ಕಳ ಅನ್ನವನ್ನೇ ತಡೆದಂತೆ. ನೀರನ್ನು ಸೋಸಿ ಕುಡಿಯುವ ನಾವು, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ನಾವು, ಇದನ್ನು ಸಣ್ಣ ವಿಷಯವೆಂದು ಬಿಡಬಾರದು. ಹಣ ಬಂದ ದಿನ ಕೂಲಿ ಮೊದಲು, ಅಂಗಡಿಯ ಸಾಲ ಆಮೇಲೆ, ಮನೆಯ ಖರ್ಚು ಅದರ ಬಳಿಕ, ಬಯಕೆಗಳು ಕೊನೆಗೆ.

ಪರ್ವಗಳ ವಿಷಯವಾಗಿ ಒಂದು ಮಾತು. ಅಷ್ಟಮಿ ಚತುರ್ದಶಿಗಳು ನಮ್ಮ ಹಣಕ್ಕಾಗಿ ಕಾಯುವುದಿಲ್ಲ. ಭಾದ್ರಪದದ ದಶಲಕ್ಷಣ ಪರ್ವ ಬರುವಾಗ ಕಬ್ಬು ಇನ್ನೂ ಹೊಲದಲ್ಲಿಯೇ ಇರುತ್ತದೆ. ಉಪವಾಸಕ್ಕೆ ಹಣ ಬೇಡ, ಸ್ವಾಧ್ಯಾಯಕ್ಕೆ ಹಣ ಬೇಡ. ಸಾಲ ಹುಟ್ಟುವುದು ನೋಂಪಿಯ ಉದ್ಯಾಪನೆಯ ಆಡಂಬರದಿಂದ. ನೆರೆಮನೆಯವರು ಬೆಳ್ಳಿಯ ಉಪಕರಣಗಳನ್ನಿತ್ತರೆಂದು ನಾವೂ ಬಡ್ಡಿಗೆ ತಂದು ಕೊಟ್ಟರೆ, ಲೋಭವನ್ನು ಕಳೆಯಲು ಹೊರಟ ವ್ರತವು ಮಾನಕಷಾಯದಲ್ಲಿ ಮುಗಿದಂತಾಗುತ್ತದೆ. ಉದ್ಯಾಪನೆಗೆ ಶಕ್ತಿಯಿಲ್ಲದವನು ವ್ರತವನ್ನೇ ಇಮ್ಮಡಿಯಾಗಿ ಆಚರಿಸಲಿ ಎಂದು ವ್ರತವಿಧಾನಗಳು ದಾರಿ ತೋರಿಸಿವೆ. ಆ ದಾರಿಯನ್ನು ಹಿಡಿಯಲು ನಾಚಿಕೆ ಏಕೆ? ದಾನವೂ ಹಾಗೆಯೇ. ಇಷ್ಟೇ ರೂಪಾಯಿ ಎಂದು ಗೊತ್ತುಮಾಡಿ ಕೊರತೆಯ ತಿಂಗಳಲ್ಲಿ ತಪ್ಪುವುದಕ್ಕಿಂತ, ಬಂದುದರಲ್ಲಿ ಇಷ್ಟನೆಯ ಪಾಲು ಎಂದು ಸಂಕಲ್ಪಿಸಿದರೆ ನೂರು ಬಂದಾಗಲೂ ಸಾವಿರ ಬಂದಾಗಲೂ ಸಂಕಲ್ಪ ನಿಲ್ಲುತ್ತದೆ.

ಶ್ರಾವಕ ಶ್ರಾವಿಕೆಯರು ಈ ಚಾತುರ್ಮಾಸದಲ್ಲಿ ಹಸುರು ತರಕಾರಿಯ ತ್ಯಾಗವನ್ನೋ ರಸತ್ಯಾಗವನ್ನೋ ತಳೆಯುವಾಗ, ಅದರ ಜತೆಗೆ ಮನೆಯ ಖರ್ಚಿಗೂ ಒಂದು ಅಯನದ ನಿಯಮವನ್ನು ತಳೆಯಲಿ. ತುಂಬಿದ ಕೈಯನ್ನು ತಡೆಹಿಡಿದ ಮನೆಯಲ್ಲಿ ಬರಿಗೈಯ ದಿನವೂ ಯಾರೂ ಸುಳ್ಳು ಏಕಾಶನ ಹೇಳಬೇಕಾಗುವುದಿಲ್ಲ. ಅಲ್ಲಿ ನಡೆಯುವ ಉಪವಾಸ ನಿಜವಾದ ಉಪವಾಸವೇ ಆಗಿರುತ್ತದೆ.